ಬಿಸಿಲು ನೋಡಿ ಚಾರ್ಜ್ ಆಗುವ ಕಾರು: ಗುಬ್ಬಿ ಹತ್ತಿರದ ಒಂದು ಮನೆಯ ಪ್ರಕರಣ ಅಧ್ಯಯನ

ಗುಬ್ಬಿ ಪಟ್ಟಣದಿಂದ ಮೂರು ಕಿಲೋಮೀಟರ್ ಒಳಗೆ, ತೆಂಗಿನ ತೋಟಗಳ ನಡುವೆ ನಮ್ಮ ಅಕ್ಕನ ಮನೆ. ಅಲ್ಲಿರುವುದು ಮೂರೇ ಜನ: ಅಕ್ಕ, ಭಾವ, ಭಾವನ ತಾಯಿ. ಭಾವ ಸೋಮವಾರ, ಬುಧವಾರ, ಶುಕ್ರವಾರ ತುಮಕೂರಿಗೆ ಹೋಗಿ ಬರುತ್ತಾರೆ. ಎರಡೂ ಕಡೆ ಸೇರಿ 46 ಕಿಲೋಮೀಟರ್. ಉಳಿದ ನಾಲ್ಕು ದಿನ ಕಾರು ಅಂಗಳದಲ್ಲೇ ನಿಂತಿರುತ್ತದೆ.

ಕಾರು ನಿಂತಿರುವ ಮಾತನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಸೋಲಾರ್‌ನಿಂದ ಕಾರು ಚಾರ್ಜ್ ಮಾಡಬೇಕು ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ. ಮಧ್ಯಾಹ್ನ ಹನ್ನೆರಡಕ್ಕೆ ಕಾರು ಎಲ್ಲಿರುತ್ತದೆ? ದಿನಾ ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಮನೆ ಸೇರುವ ಕಾರಾದರೆ ಮುಂದೆ ಹೇಳುವ ಬಹುಪಾಲು ಕೆಲಸ ಬೇಕಾಗಿಲ್ಲ. ಅಕ್ಕನ ಮನೆಯಲ್ಲಿ ನಾಲ್ಕು ದಿನ ಬಿಸಿಲೂ ಕಾರೂ ಒಂದೇ ಕಡೆ ಇರುತ್ತವೆ. ಹಾಗಾಗಿ ಕೈ ಹಾಕಿದೆ.

ಮನೆಗೆ ತಿಂಗಳಿಗೆ 110ರಿಂದ 120 ಯೂನಿಟ್ ಸಾಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ ಕಟ್ಟಿದ್ದೇ ಇಲ್ಲ. ಎಲೆಕ್ಟ್ರಿಕ್ ಕಾರು ಬಂದರೆ ಹೆಚ್ಚುಕಡಿಮೆ ಅಷ್ಟೇ ಯೂನಿಟ್ ಇನ್ನೊಂದು ಸಲ ಸೇರುತ್ತದೆ. 200 ದಾಟಿದರೆ ಪೂರ್ತಿ ಬಿಲ್. ಈ ಲೆಕ್ಕ ಹಾಕಿಯೇ ಭಾವ 2024ರಲ್ಲಿ ತಾರಸಿ ಮೇಲೆ 540 ವ್ಯಾಟ್‌ನ ಹತ್ತು ಪ್ಯಾನಲ್ ಹಾಕಿಸಿದರು. ಪ್ಯಾನಲ್ಲಿನ ಕರೆಂಟನ್ನು ಮನೆಗೆ ಒಗ್ಗಿಸುವ 5 ಕಿಲೋವ್ಯಾಟ್ ಇನ್ವರ್ಟರ್, ಹೋದ ಬಂದ ಯೂನಿಟ್ ಎರಡನ್ನೂ ಎಣಿಸುವ ನೆಟ್ ಮೀಟರ್. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಅದಕ್ಕೂ ಜಾಸ್ತಿ ಹಾಕಿಸುವವರಿಗೆ ಸಿಗುವ 78,000 ರೂಪಾಯಿ ಸಹಾಯಧನವೂ ಬಂತು. 2025ರ ಜನವರಿಯಲ್ಲಿ ಕಾರು ಬಂತು. 24 ಯೂನಿಟ್ ಬ್ಯಾಟರಿಯ ಚಿಕ್ಕ ಕಾರು. ಒಳಗಿನ ಚಾರ್ಜರ್ 3.3 ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಏಳಲೇಬೇಕು. ನೆಟ್ ಮೀಟರ್ ಇದೆ ಅಂದ ಮೇಲೆ ಹಗಲು ಹೊರಗೆ ಹೋದ ಯೂನಿಟ್ಟು, ರಾತ್ರಿ ಒಳಗೆ ಬಂದ ಯೂನಿಟ್ಟು ತಿಂಗಳ ಕೊನೆಗೆ ಒಂದಕ್ಕೊಂದು ವಜಾ ಆಗುತ್ತವೆ ಅಲ್ವಾ? ಮತ್ತೆ ಬಿಸಿಲಿನಲ್ಲೇ ಚಾರ್ಜ್ ಮಾಡಬೇಕು ಅನ್ನುವ ಹಟ ಯಾಕೆ? ಬರೀ ಬಿಲ್ ನೋಡಿದರೆ ಈ ಮಾತು ಸರಿ. ಬಿಲ್ ಒಂದೇ ಕಾರಣ ಆಗಿದ್ದಿದ್ದರೆ ಕಾರಿಗೆ ಒಳ್ಳೆಯ ಸಾಕೆಟ್ ಹಾಕಿಸಿ ಬಂದುಬಿಡುತ್ತಿದ್ದೆ. ಅಕ್ಕನ ಮನೆಯ ತೊಂದರೆ ಇದ್ದದ್ದು ವೋಲ್ಟೇಜ್‌ನಲ್ಲಿ.

ಮಧ್ಯಾಹ್ನ ಕೈಕೊಡುವ ಇನ್ವರ್ಟರ್

ಫೆಬ್ರವರಿಯ ಒಂದು ಭಾನುವಾರ. ಆಕಾಶದಲ್ಲಿ ಒಂದು ತುಣುಕು ಮೋಡ ಇಲ್ಲ. ಅಂಥ ದಿನ 25 ಯೂನಿಟ್ ಬರಬೇಕಾದ ಕಡೆ 17 ಬಂದಿತ್ತು. ಇನ್ವರ್ಟರ್ ಆಪ್‌ನಲ್ಲಿ ಆ ದಿನದ ಗೆರೆ ನೋಡಿದೆ. ಬೆಳಿಗ್ಗೆ ಚೆನ್ನಾಗಿ ಏರಿದೆ. ಹನ್ನೊಂದರಿಂದ ಎರಡರ ತನಕ ಗರಗಸದ ಹಲ್ಲಿನ ಹಾಗೆ ಮೇಲೆ, ಸೊನ್ನೆ, ಮೇಲೆ, ಸೊನ್ನೆ. ಇನ್ವರ್ಟರ್‌ನ ದೋಷದ ಪಟ್ಟಿಯಲ್ಲಿ ಒಂದೇ ಸಾಲು ಹತ್ತಾರು ಸಲ: ಗ್ರಿಡ್ ವೋಲ್ಟೇಜ್ ಜಾಸ್ತಿ.

ಟ್ರಾನ್ಸ್‌ಫಾರ್ಮರ್ ಈ ಮನೆಯಿಂದ ಬಲು ದೂರ. ತಂತಿ ತೋಟಗಳ ಮೇಲೆ ಹಾದು ಬಂದು ಇಲ್ಲಿಗೆ ಮುಗಿಯುತ್ತದೆ. ಮಧ್ಯಾಹ್ನ ಸುತ್ತಮುತ್ತ ಮನೆಗಳಲ್ಲಿ ಖರ್ಚು ಕಮ್ಮಿ, ಆದ್ದರಿಂದ ವೋಲ್ಟೇಜ್ ಮೊದಲೇ ಮೇಲಿರುತ್ತದೆ. ಅದರ ಮೇಲೆ ನಮ್ಮ ಸೋಲಾರ್ ಕರೆಂಟನ್ನು ಹೊರಗೆ ತಳ್ಳಬೇಕು. ಉದ್ದದ ಪೈಪಿನಲ್ಲಿ ನೀರನ್ನು ಹಿಂದಕ್ಕೆ ತಳ್ಳಲು ಈ ತುದಿಯಲ್ಲಿ ಒತ್ತಡ ಜಾಸ್ತಿ ಬೇಕಲ್ಲ, ಅದೇ ಲೆಕ್ಕ. ತಂತಿಯ ರೋಧ ಬರೀ ಅರ್ಧ ಓಮ್ ಅಂದುಕೊಂಡರೂ 18 ಆಂಪಿಯರ್ ಹೊರಗೆ ಹೋದಾಗ ಮನೆಯಲ್ಲಿ 9 ವೋಲ್ಟ್ ಏರುತ್ತದೆ. 230 ಇರಬೇಕಾದ್ದು 260 ಮುಟ್ಟುತ್ತಿತ್ತು. ಅಲ್ಲಿಗೆ ಇನ್ವರ್ಟರ್ ಕೈಚೆಲ್ಲುತ್ತಿತ್ತು, ಐದು ನಿಮಿಷ ಕಾದು ಮತ್ತೆ ಶುರು ಮಾಡುತ್ತಿತ್ತು. ಸಂಜೆ ಆರರ ಮೇಲೆ ಇದಕ್ಕೆ ಉಲ್ಟಾ. ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ. ವೋಲ್ಟೇಜ್ 200ಕ್ಕೆ ಇಳಿಯುತ್ತಿತ್ತು. ಭಾವ ತುಮಕೂರಿನಿಂದ ಬಂದು ಕಾರಿಗೆ ಚಾರ್ಜಿಂಗ್ ಗನ್ ಚುಚ್ಚುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ.

ಇನ್ವರ್ಟರ್‌ನ ಮಿತಿಯನ್ನೇ ಮೇಲಕ್ಕೆ ಏರಿಸಿಬಿಡೋಣ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಆ ವೋಲ್ಟೇಜ್ ಬರೀ ಇನ್ವರ್ಟರಿಗೆ ಸಿಗುವುದಲ್ಲ. ಅದೇ ತಂತಿಯಲ್ಲಿ ಅಕ್ಕನ ಫ್ರಿಜ್ಜೂ ಇದೆ, ಪಕ್ಕದ ಮನೆಯ ಟಿವಿಯೂ ಇದೆ. ಲೈನ್ ಸರಿ ಮಾಡಿಕೊಡಿ ಎಂದು ಅರ್ಜಿ ಕೊಟ್ಟೆವು. ಅದರ ದಾರಿ ಅದಕ್ಕೆ. ನಮ್ಮ ಕೈಯಲ್ಲಿದ್ದದ್ದು ಒಂದೇ. ಮಧ್ಯಾಹ್ನ ಹೊರಗೆ ಹೋಗುವ ಕರೆಂಟನ್ನು ಮನೆಯೊಳಗೇ ಖರ್ಚು ಮಾಡುವುದು. ಅದಕ್ಕೆ ಕಾರಿಗಿಂತ ಒಳ್ಳೆಯ ಪಾತ್ರೆ ಯಾವುದು?

ಒಂದು ಪುಟ್ಟ ಪಿನ್, ಒಂದು ಸುಟ್ಟ ಪ್ಲಗ್

ಮೊದಲ ಪ್ರಯತ್ನ ಸುಲಭದ್ದು. ಕಾರಿನ ಜೊತೆ ಬಂದ ಕೇಬಲ್, ನಡುವೆ 16 ಆಂಪಿಯರ್ ಎಂದು ಬರೆದ ಒಂದು ಸ್ಮಾರ್ಟ್ ಪ್ಲಗ್. ಹನ್ನೊಂದಕ್ಕೆ ಆನ್, ಎರಡಕ್ಕೆ ಆಫ್. ಮೂರನೇ ವಾರ ಅಕ್ಕ ಪ್ಲಗ್ ಕಿತ್ತು ನನಗೆ ಫೋಟೋ ಕಳಿಸಿದಳು. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಗೀಸರ್ ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ಕಾರು ಮೂರು ಗಂಟೆ ಒಂದೇ ಸಮನೆ 14 ಆಂಪಿಯರ್ ಎಳೆಯುತ್ತದೆ. ಆ ಬಿಸಿ ಈ ಪ್ಲಗ್‌ಗಳಿಗೆ ತಡೆಯುವುದಿಲ್ಲ. ದಯವಿಟ್ಟು ಈ ದಾರಿ ಹಿಡಿಯಬೇಡಿ.

ಏಪ್ರಿಲ್‌ನಲ್ಲಿ ಗೋಡೆಗೆ ಹಾಕುವ ಚಾರ್ಜರ್ ತಂದೆವು. ಮೀಟರ್ ಬೋರ್ಡಿನಿಂದ ನೇರ 6 ಚದರ ಮಿಲಿಮೀಟರ್ ತಾಮ್ರದ ತಂತಿ, ಹೊರೆ ಜಾಸ್ತಿಯಾದರೆ ಬೀಳುವ ಎಂಸಿಬಿ ಅದಕ್ಕೇ ಬೇರೆ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಇಂಥ ಚಾರ್ಜರ್‌ನ ನಿಜವಾದ ಗುಣ ಎಂದರೆ ಅದರ ಆಂಪಿಯರನ್ನು ಮನೆಯ ಕಂಪ್ಯೂಟರಿನಿಂದ ಏರಿಸಿ ಇಳಿಸಬಹುದು.

ಅದು ನಡೆಯುವ ರೀತಿ ನನಗೆ ಬಹಳ ಇಷ್ಟ. ಗನ್ನಿನ ತುದಿಯಲ್ಲಿ ದಪ್ಪ ಪಿನ್ನುಗಳ ನಡುವೆ ಕಂಟ್ರೋಲ್ ಪೈಲಟ್ ಎನ್ನುವ ಒಂದು ಪುಟ್ಟ ಪಿನ್ ಇರುತ್ತದೆ. ಚಾರ್ಜರ್ ಆ ಪಿನ್ನಿನಲ್ಲಿ ಸೆಕೆಂಡಿಗೆ 1000 ಸಲ ಮಿಡಿಯುತ್ತದೆ. ಪ್ರತಿ ಮಿಡಿತದಲ್ಲಿ 10 ಪರ್ಸೆಂಟ್ ಹೊತ್ತು ಮೇಲಿದ್ದರೆ "6 ಆಂಪಿಯರ್ ತನಕ ತಗೋ" ಎಂದರ್ಥ. 20 ಪರ್ಸೆಂಟ್ ಅಂದರೆ 12. 25 ಅಂದರೆ 15. ಕಾರು ಅದನ್ನು ಓದಿ ಅಷ್ಟರೊಳಗೇ ಎಳೆಯುತ್ತದೆ. ಮೋಡ ಬಂದರೆ ಮಿಡಿತದ ಅಗಲ ಕಮ್ಮಿ ಮಾಡಿದರೆ ಆಯಿತು, ಎರಡು ಮೂರು ಸೆಕೆಂಡಿನಲ್ಲಿ ಕಾರು ಇಳಿಯುತ್ತದೆ.

ಆದರೆ 6ರ ಕೆಳಗೆ ಇಳಿಯಲು ಆಗುವುದಿಲ್ಲ. ಇದು ಕಾರು ಚಾರ್ಜಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 61851ರಲ್ಲೇ ಇದೆ. 6 ಆಂಪಿಯರ್ ಅಂದರೆ ಸುಮಾರು 1.4 ಕಿಲೋವ್ಯಾಟ್. ಮನೆ ಖರ್ಚು ಕಳೆದು ಮಿಕ್ಕ ಸೋಲಾರ್, ಅಂದರೆ ಉಳಿಕೆ, ಅದಕ್ಕಿಂತ ಕಮ್ಮಿ ಇದ್ದರೆ ಎರಡೇ ದಾರಿ. ನಿಲ್ಲಿಸು, ಇಲ್ಲವೇ ಹೊರಗಿನಿಂದ ಸ್ವಲ್ಪ ತಗೋ. ತ್ರೀ ಫೇಸ್ ಚಾರ್ಜಿಂಗ್ ಆದರೆ ಈ ಕನಿಷ್ಠ ಮಿತಿ 4.1 ಕಿಲೋವ್ಯಾಟ್‌ಗೆ ಏರುತ್ತದೆ. 5 ಕಿಲೋವ್ಯಾಟ್ ಸೋಲಾರ್ ಇರುವ ಮನೆಗೆ ಸಿಂಗಲ್ ಫೇಸೇ ಒಳ್ಳೆಯದು ಅನ್ನುವುದು ಇದಕ್ಕೇ.

ಇದನ್ನೆಲ್ಲ ಆಡಿಸುವುದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗೇ ಓಡುತ್ತದೆ, ನಾನು ಅದನ್ನು ಆರಿಸಿದ್ದೇ ಆ ಕಾರಣಕ್ಕೆ. ಅಕ್ಕನ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎನ್ನುವ ಒಂದು ಪುಟ್ಟ ಕಂಪ್ಯೂಟರ್ ಮೇಲೆ ಅದಾಗಲೇ ಇತ್ತು. ಸಂಪಿನ ಮೋಟಾರು, ಅಂಗಳದ ದೀಪ ಅದರ ಕೈಯಲ್ಲೇ ಇದ್ದವು.

ಗೀಸರ್ ಹಾಕಿದರೆ ಕಾರು ಏಳುತ್ತದೆ

ಕಾರಿಗೆ ಎಷ್ಟು ಆಂಪಿಯರ್ ಕೊಡಬೇಕು ಎಂದು ತೀರ್ಮಾನಿಸಲು ಬೇಕಾದ್ದು ಒಂದೇ ಅಂಕಿ. ಈ ಕ್ಷಣ ಮೀಟರ್ ದಾಟಿ ಎಷ್ಟು ಹೊರಗೆ ಹೋಗುತ್ತಿದೆ, ಎಷ್ಟು ಒಳಗೆ ಬರುತ್ತಿದೆ. ಪ್ಯಾನಲ್ ಎಷ್ಟು ಕೊಡುತ್ತಿದೆ, ಫ್ರಿಜ್ ಎಷ್ಟು ತಿನ್ನುತ್ತಿದೆ ಎಂದು ಬೇರೆ ಬೇರೆ ಲೆಕ್ಕ ಬೇಕಾಗಿಲ್ಲ. ಅವೆಲ್ಲ ಕೂಡಿ ಕಳೆದು ಮೀಟರ್ ಹತ್ತಿರ ಒಂದೇ ಅಂಕಿಯಾಗಿ ಸಿಗುತ್ತವೆ.

ಇನ್ವರ್ಟರ್ ಆಪ್‌ನಿಂದ ಅಂಕಿ ತೆಗೆದುಕೊಳ್ಳಲು ನೋಡಿದೆ. ಅದರ ವೈಫೈ ಕಡ್ಡಿ ಐದು ನಿಮಿಷಕ್ಕೆ ಒಂದು ಸಲ ಎಲ್ಲೋ ಇರುವ ಸರ್ವರಿಗೆ ಲೆಕ್ಕ ಒಪ್ಪಿಸುತ್ತದೆ. ಐದು ನಿಮಿಷದಲ್ಲಿ ಮೋಡ ಬಂದು ಹೋಗಿರುತ್ತದೆ. ಹಾಗಾಗಿ ಮೀಟರ್ ಪಕ್ಕದಲ್ಲಿ ಮಾಡ್‌ಬಸ್ ಎಂಬ ಭಾಷೆಯಲ್ಲಿ ಕಂಪ್ಯೂಟರಿಗೆ ಅಂಕಿ ಹೇಳುವ ಒಂದು ಚಿಕ್ಕ ಅಳತೆಯ ಮೀಟರ್ ಕೂರಿಸಿದೆ. ಒಳಗೆ ಬರುವ ಮುಖ್ಯ ತಂತಿಗೆ ಬಳೆಯ ಹಾಗೆ ತೊಡಿಸಿ ಕರೆಂಟ್ ಅಳೆಯುವ ಸಿಟಿ ಕ್ಲ್ಯಾಂಪ್ ಅದರದ್ದು. ಎರಡು ಸೆಕೆಂಡಿಗೊಂದು ಅಂಕಿ. ಒಳಗೆ ಬಂದರೆ ಪ್ಲಸ್, ಹೊರಗೆ ಹೋದರೆ ಮೈನಸ್. ಶನಿವಾರ ರಾತ್ರಿ ಎಂಟಕ್ಕೆ ಕೆಲಸ ಮುಗಿಯಿತು. ಅಂಕಿ ಬರುತ್ತಿತ್ತು, ದೀಪ ಹಾಕಿದರೆ ಬದಲಾಗುತ್ತಿತ್ತು. ಅಷ್ಟು ನೋಡಿ ಊರಿಗೆ ಹೊರಟೆ. ಅದು ನನ್ನ ತಪ್ಪು.

ಮಂಗಳವಾರ ಬೆಳಿಗ್ಗೆ ಅಕ್ಕನ ಫೋನ್. "ಗೀಸರ್ ಹಾಕಿದ್ರೆ ಕಾರು ಚಾರ್ಜ್ ಆಗೋಕೆ ಶುರುವಾಗುತ್ತೆ ಕಣೋ. ಬಿಸಿಲು ಚೆನ್ನಾಗಿ ಬಂತು ಅಂದ್ರೆ ನಿಂತುಬಿಡುತ್ತೆ."

ಎಂಥ ಸ್ಪಷ್ಟ ವಿವರ! ಇಡೀ ರೋಗ ಆ ಎರಡು ಮಾತಿನಲ್ಲಿತ್ತು. ಕ್ಲ್ಯಾಂಪಿನ ಮೇಲೆ ಒಂದು ಸಣ್ಣ ಬಾಣ ಕೆತ್ತಿರುತ್ತದೆ. ಈ ಮೀಟರಿನದ್ದು ಮನೆಯ ಕಡೆ ಮುಖ ಮಾಡಿರಬೇಕು. ನಾನು ಟಾರ್ಚ್ ಬೆಳಕಿನಲ್ಲಿ ಅದನ್ನು ಕಂಬದ ಕಡೆ ತಿರುಗಿಸಿ ಹಾಕಿದ್ದೆ. ಕ್ಲ್ಯಾಂಪ್ ತಿರುಗಿದರೆ ಮೀಟರಿಗೆ ಕರೆಂಟಿನ ದಿಕ್ಕು ತಿರುಗಿದ ಹಾಗೆ. ಪ್ಲಸ್ ಮೈನಸ್ ಆಗುತ್ತದೆ.

ಬೆಳಿಗ್ಗೆ ಆರೂಕಾಲಿಗೆ 2 ಕಿಲೋವ್ಯಾಟ್ ಗೀಸರ್ ಹಾಕಿದಾಗ ಮನೆ 2 ಕಿಲೋವ್ಯಾಟ್ ಒಳಗೆ ಎಳೆಯಿತು. ವ್ಯವಸ್ಥೆಗೆ ಕಂಡದ್ದು 2 ಕಿಲೋವ್ಯಾಟ್ ಹೊರಗೆ ಹೋಗುತ್ತಿದೆ ಎಂದು. 1.4 ದಾಟಿದೆ, ಕಾರು ಶುರು ಮಾಡು ಎಂದಿತು. ಕಾರು 8 ಆಂಪಿಯರ್ ಎಳೆಯಿತು. ಈಗ ಒಳಗೆ ಬರುವುದು ಸುಮಾರು 4 ಕಿಲೋವ್ಯಾಟ್. ವ್ಯವಸ್ಥೆಗೆ ಅದೂ ಉಳಿಕೆಯೇ. ಇನ್ನೂ ಏರಿಸಿತು. ಕಾರು ತಿಂದಷ್ಟೂ ಉಳಿಕೆ ಜಾಸ್ತಿ ಕಂಡಿತು. ಗೀಸರ್ ನಿಂತ ಮೇಲೂ ಕಾರು ತನ್ನ ಊಟವನ್ನೇ ಉಳಿಕೆ ಎಂದು ತೋರಿಸುತ್ತ ಪೂರ್ತಿ 14 ಆಂಪಿಯರ್‌ನಲ್ಲಿ ಓಡಿತು. ಹತ್ತೂವರೆ ಹೊತ್ತಿಗೆ ನಿಜವಾಗಿ ಕರೆಂಟ್ ಹೊರಗೆ ಹರಿಯತೊಡಗಿದಾಗ ಅದಕ್ಕೆ ಕೊರತೆ ಕಂಡಿತು, ನಿಲ್ಲಿಸಿತು.

ತಂತ್ರಾಂಶದಲ್ಲಿ ಒಂದು ಮೈನಸ್ ಚಿಹ್ನೆ ಸೇರಿಸಿ ದೂರದಿಂದಲೇ ಸರಿ ಮಾಡಬಹುದಿತ್ತು. ಮಾಡಲಿಲ್ಲ. ನಾಳೆ ಯಾರೋ ಬಾಣ ನೋಡಿ ಕ್ಲ್ಯಾಂಪನ್ನು ಸರಿಯಾಗಿ ತೊಡಿಸಿದರೆ ಮತ್ತೆ ಇದೇ ರಗಳೆ. ಹೋಗಿ, ಮೇನ್ ಆಫ್ ಮಾಡಿ, ಕ್ಲ್ಯಾಂಪ್ ತಿರುಗಿಸಿದೆ. ಆಮೇಲೆ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಸೋಲಾರ್ ಆಫ್, ಗೀಸರ್ ಆನ್, ಅಂಕಿ ಪ್ಲಸ್ 2 ತೋರಿಸಬೇಕು. ಗೀಸರ್ ಆಫ್, ಸೋಲಾರ್ ಆನ್, ಮಧ್ಯಾಹ್ನ ಮೈನಸ್ ಬರಬೇಕು. ಎರಡು ನಿಮಿಷದ ಕೆಲಸ. ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು. ಮಾರ್ಕರ್ ತಂದು ಬೋರ್ಡಿನ ಮುಚ್ಚಳದ ಒಳಗೆ ಬರೆದಳು: ಬಾಣ ಮನೆ ಕಡೆ.

ಹಲ್ಲಿ, ಮೋಡ, ಉಪ್ಪು, ಇದ್ದಿಲು

ಜೂನ್ ಬಂತು. ತುಂಡು ಮೋಡಗಳು ಸಾಲಾಗಿ ಹಾಯುವ ತಿಂಗಳು. ಉಳಿಕೆ ಒಂದು ನಿಮಿಷ 3 ಕಿಲೋವ್ಯಾಟ್, ಮರುನಿಮಿಷ ಅರ್ಧ. ಭಾವನ ತಾಯಿ ಹಗಲು ಕೂರುವುದು ಚಾರ್ಜರ್ ಇರುವ ಗೋಡೆಯ ಒಳಬದಿಯಲ್ಲಿ. "ಈ ಗೋಡೇಲಿ ಹಲ್ಲಿ ಲೊಚಗುಟ್ಟುತ್ತಾನೇ ಇರುತ್ತೆ" ಎಂದರು. ಹಲ್ಲಿಯಲ್ಲ, ಚಾರ್ಜರ್ ಒಳಗಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್. ಮೋಡ ಬಂದಾಗೆಲ್ಲ ಟಕ್ ಎಂದು ಬಿಡುವುದು, ಹೋದಾಗೆಲ್ಲ ಟಕ್ ಎಂದು ಹಿಡಿಯುವುದು. ಒಂದೇ ದಿನ ಮೂವತ್ತಕ್ಕೂ ಜಾಸ್ತಿ ಸಲ. ಅದಕ್ಕೂ ಒಂದು ಆಯಸ್ಸು ಇರುತ್ತದೆ.

ಆಗ ತಾಳ್ಮೆ ಕಲಿಸಿದೆ. ಉಳಿಕೆ 1.5 ಕಿಲೋವ್ಯಾಟ್ ದಾಟಿ ಐದು ನಿಮಿಷ ಹಾಗೇ ನಿಂತರೆ ಮಾತ್ರ ಶುರು. ಕಮ್ಮಿ ಆದರೆ ಕೂಡಲೇ ನಿಲ್ಲಿಸದೆ 6 ಆಂಪಿಯರ್‌ಗೆ ಇಳಿದು ಹತ್ತು ನಿಮಿಷ ಕಾಯುವುದು. ಆ ಹತ್ತು ನಿಮಿಷ ಹೊರಗಿನಿಂದ ಸ್ವಲ್ಪ ಬಂದರೆ ಬರಲಿ. ಸದ್ದು ದಿನಕ್ಕೆ ಐದಾರಕ್ಕೆ ಇಳಿಯಿತು.

ನೆರಳಿನ ಕಾಟ ಬೇರೆ. ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿ ಬಯಲು. ಇಲ್ಲಿ ಮೂರೂವರೆ ಆಯಿತು ಎಂದರೆ ಪಶ್ಚಿಮದ ತೆಂಗಿನ ಗರಿಯ ನೆರಳು ಎರಡು ಪ್ಯಾನಲ್ ಮೇಲೆ ಬೀಳುತ್ತದೆ. ಫಲ ಕೊಡುವ ಮರ, ಕಡಿಯುವ ಮಾತೇ ಇಲ್ಲ. ಮೂರೂವರೆಯ ಮೇಲೆ ಬಿಸಿಲನ್ನು ನಂಬಬೇಡ ಎಂದು ಬರೆದು ಮುಂದೆ ಹೋದೆ.

ಅರ್ಥಿಂಗ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಏಪ್ರಿಲ್ ಕೊನೆಯಲ್ಲಿ ಚಾರ್ಜರ್ ಕೆಂಪು ದೀಪ ತೋರಿಸಿ ಮುಷ್ಕರ ಹೂಡಿತು. ಅರ್ಥ್ ಸರಿ ಇಲ್ಲ ಎಂದರ್ಥ. ಹಳೆಯ ಗುಂಡಿಯ ಮುಚ್ಚಳ ಎತ್ತಿ ನೋಡಿದರೆ ಉಪ್ಪು, ಇದ್ದಿಲು ಒಣಗಿ ಹುಡಿಯಾಗಿತ್ತು. ಎರಡು ಕೊಡ ನೀರು ಹೊಯ್ದು ಹತ್ತು ನಿಮಿಷ ಬಿಟ್ಟ ಮೇಲೆ ದೀಪ ಹಸಿರಾಯಿತು. ಮರುವಾರವೇ ಚಾರ್ಜರಿಗೆಂದು ಹೊಸ ಗುಂಡಿ ತೋಡಿಸಿದೆವು. ಕೆಲವರು ಈ ಕೆಂಪು ದೀಪ ಹೋಗಲಿ ಎಂದು ಸಾಕೆಟ್ಟಿನಲ್ಲೇ ನ್ಯೂಟ್ರಲ್ ತಂತಿಯನ್ನು ಅರ್ಥ್‌ಗೆ ಸೇರಿಸಿಬಿಡುತ್ತಾರೆ. ದೀಪ ಹಸಿರಾಗುತ್ತದೆ, ನಿಜ. ಆದರೆ ಯಾವತ್ತೋ ಒಂದು ದಿನ ಕಂಬದ ಕಡೆ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ಕರೆಂಟ್ ಬರುತ್ತದೆ. ಮಕ್ಕಳು ಬಾಗಿಲು ಮುಟ್ಟುತ್ತಾರೆ. ಇದನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು.

ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಬಂದ ಮೇಲೆ ಇನ್ವರ್ಟರ್ ಐದು ನಿಮಿಷ ಕಾಯುತ್ತದೆ, ಆದರೆ ಕಾರು ಕಾಯದೆ ಪೂರ್ತಿ ಎಳೆಯಲು ಹೊರಡುತ್ತಿತ್ತು. ಹತ್ತು ನಿಮಿಷ ಸುಮ್ನಿರು ಎಂಬ ನಿಯಮ ಹಾಕಿದೆ. ಪದೇ ಪದೇ ಕರೆಂಟ್ ಹೋಗಿ ಪೈನ ಮೆಮೊರಿ ಕಾರ್ಡ್ ಒಮ್ಮೆ ಕೆಟ್ಟಿತು. ಈಗ ಅದಕ್ಕೆ ಎಸ್‌ಎಸ್‌ಡಿ, ಪೈಗೂ ರೂಟರಿಗೂ ಒಂದು ಚಿಕ್ಕ ಯುಪಿಎಸ್. ಒಂದು ನಿಮಿಷ ಪೈನಿಂದ ಮಾತು ಬರದಿದ್ದರೆ ಚಾರ್ಜರ್ ತಾನಾಗಿ 6 ಆಂಪಿಯರ್‌ಗೆ ಇಳಿಯುವ ಹಾಗೆ ಅದರಲ್ಲೇ ಹೊಂದಿಸಿದ್ದೇನೆ.

ಈಗ ಓಡುತ್ತಿರುವ ರೀತಿ

ಮೊದಲು ಉಳಿಕೆ ಕಂಡ ಕೂಡಲೇ ಕಾರಿಗೆ ಕೊಡುತ್ತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ ಹನ್ನೆರಡಕ್ಕೆ ಅಂದಿನ ಪಾಲು ಮುಗಿಯುತ್ತಿತ್ತು. ಇನ್ವರ್ಟರ್ ಬೀಳುವ ಹೊತ್ತಿಗೆ ಕಾರಿನಲ್ಲಿ ಜಾಗವೇ ಇರುತ್ತಿರಲಿಲ್ಲ. ಈಗ ವೋಲ್ಟೇಜ್ ನೋಡಿ ಶುರು ಮಾಡುತ್ತೇವೆ. 250 ದಾಟಿದರೆ, ಉಳಿಕೆಯೂ ಇದ್ದರೆ, 9 ಆಂಪಿಯರ್. ಮೂರು ಗಂಟೆಯಲ್ಲಿ ಆರೂವರೆ ಯೂನಿಟ್. ಭಾವನ ಒಂದು ದಿನದ ಓಡಾಟಕ್ಕೆ ಅಷ್ಟು ಸಾಕು. ಅಷ್ಟರಲ್ಲಿ ಸಂಪಿನ ಮೋಟಾರ್ ಹಾಕಿ ಉಳಿಕೆ ಸಾಲದೆ ಹೋದರೆ ಕಾರು 6ಕ್ಕೆ ಇಳಿಯುತ್ತದೆ, ಮೋಟಾರ್ ನಿಂತರೆ ಮತ್ತೆ ಏರುತ್ತದೆ. ಕಾರು ತುಮಕೂರಿಗೆ ಹೋದ ದಿನ ಸಂಪಿನ ಮೋಟಾರು, ಗೀಸರ್ ಎರಡನ್ನೂ ಹನ್ನೆರಡರ ಮೇಲೆ ಒಂದಾದ ಮೇಲೊಂದು ಓಡಿಸುತ್ತೇವೆ. ಆ ಮೂರು ದಿನ ಇನ್ವರ್ಟರ್ ಈಗಲೂ ಒಂದೆರಡು ಸಲ ಬೀಳುತ್ತದೆ. ಲೈನ್ ಸರಿಯಾಗುವ ತನಕ ಅದಕ್ಕೆ ಪೂರ್ತಿ ಮದ್ದಿಲ್ಲ.

ಅಡುಗೆಮನೆ ಗೋಡೆಯಲ್ಲಿ ಒಂದು ನಿಜವಾದ ಸ್ವಿಚ್ ಇದೆ. ಒತ್ತಿದರೆ ಬಿಸಿಲು, ಮೋಡ, ವೋಲ್ಟೇಜ್ ಯಾವ ಲೆಕ್ಕವೂ ಇಲ್ಲ, ಕಾರು ಪೂರ್ತಿ ಚಾರ್ಜ್. ಭಾವನ ತಾಯಿಗೆ ಎದೆನೋವಿನ ತೊಂದರೆ ಇದೆ. ನಡುರಾತ್ರಿ ತುಮಕೂರಿಗೆ ಹೊರಡಬೇಕಾದರೆ ಯಾರೂ ಫೋನ್ ಹುಡುಕುತ್ತ ಕೂರಬಾರದು. ಅದೇ ಕಾರಣಕ್ಕೆ ಬ್ಯಾಟರಿ 40 ಪರ್ಸೆಂಟ್‌ಗಿಂತ ಕೆಳಗಿದ್ದರೆ ರಾತ್ರಿ ಹನ್ನೊಂದರ ಮೇಲೆ, ವೋಲ್ಟೇಜ್ ಚೇತರಿಸಿಕೊಂಡಾಗ, 8 ಆಂಪಿಯರ್‌ನಲ್ಲಿ 40ರ ತನಕ ತುಂಬಿಸುತ್ತದೆ. ಕಾರಿನಿಂದ ಆ ಅಂಕಿ ತಾನಾಗಿ ಬರುವುದಿಲ್ಲ. ಸಂಜೆ ಅಕ್ಕ ಕಾರಿನ ಮೀಟರ್ ನೋಡಿ ಫೋನಿನಲ್ಲಿ ಒತ್ತುತ್ತಾಳೆ.

ಮೇ ತಿಂಗಳಲ್ಲಿ ಕಾರು ತೆಗೆದುಕೊಂಡ 118 ಯೂನಿಟ್‌ನಲ್ಲಿ 97 ನೇರ ಬಿಸಿಲಿನದು. ಜುಲೈನಲ್ಲಿ 112ರಲ್ಲಿ 58. ಕಾರು ಮನೆಯಲ್ಲಿದ್ದ ಬಿಸಿಲಿನ ದಿನಗಳಲ್ಲಿ ಆ ಗರಗಸದ ಗೆರೆ ಈಗ ಕಾಣುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಮೀಟರ್ ಬೋರ್ಡಿನ ಎಂಸಿಬಿ ಬದಲಾಯಿಸಲು ಊರಿನ ಎಲೆಕ್ಟ್ರಿಷಿಯನ್ ಬಂದಿದ್ದರು. ಕೆಲಸಕ್ಕೆ ಅಡ್ಡ ಬಂತೆಂದು ಕ್ಲ್ಯಾಂಪ್ ಬಿಚ್ಚಿ ಮತ್ತೆ ತೊಡಿಸಿದರು. ಅವರು ಹೊರಡುವ ಮೊದಲು ಅಕ್ಕ ಸೋಲಾರ್ ಆಫ್ ಮಾಡಿ, ಗೀಸರ್ ಹಾಕಿ, ಫೋನ್ ಹಿಡಿದು ಬೋರ್ಡಿನ ಮುಂದೆ ನಿಂತಳಂತೆ. ಸಂಜೆ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಪ್ಲಸ್ 2 ಬಂತು ಕಣೋ, ಆಮೇಲೇ ಅವರಿಗೆ ಕಾಫಿ ಕೊಟ್ಟು ಕಳಿಸಿದ್ದು."